ಓದುಗರ ಪ್ರಶ್ನೆ: ಓಡುವ ಕ್ವಾರ್ಟರ್‌ಬ್ಯಾಕ್ ನಿಂತು ಎಸೆಯಲು ಕಲಿಯುವ ಬಗೆ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ಟಿನ ಜತೆಗೆ ಫ್ಲ್ಯಾಗ್ ಫುಟ್‌ಬಾಲ್ (ಎದುರಾಳಿಯನ್ನು ಕೆಡಹುವ ಬದಲು ಅವನ ಸೊಂಟದ ಪಟ್ಟಿಯನ್ನು ಕೀಳುವ ಅಮೆರಿಕನ್ ಫುಟ್‌ಬಾಲ್) ಕೂಡ ಇರಲಿದೆ ಎಂಬುದನ್ನೂ, ಆ ತೀರ್ಮಾನ 2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ ಆಯಿತೆಂಬುದನ್ನೂ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ಆ ಬರಹದಲ್ಲಿ ಅಮೆರಿಕನ್ ಫುಟ್‌ಬಾಲಿನಲ್ಲಿ ದಾಳಿಯನ್ನು ನಡೆಸುವ, ಚೆಂಡು ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಬಗ್ಗೆ ಎರಡು ಮಾತು ಬಂದುದೇ ತಡ, ಗಡಿಯ ಈಚೆಯಿಂದಲೂ ಆಚೆಯಿಂದಲೂ ಅದರ ಕುರಿತೇ ಪತ್ರಗಳು ಬಂದಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಾವು ಕೆಲವು ಗೆಳೆಯರು ಸೋಮವಾರ ಬೆಳಗ್ಗೆ ಕಾಲೇಜಿಗೆ ಹೊರಡುವ ಮೊದಲು ಮೊಬೈಲಿನಲ್ಲಿ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಪಂದ್ಯ ನೋಡುತ್ತೇವೆ. ವೀಕ್ಷಕ ವಿವರಣೆ ನೀಡುವವರು ಕೆಲವರನ್ನು ‘ಮೊಬೈಲ್ ಕ್ವಾರ್ಟರ್‌ಬ್ಯಾಕ್’ ಎಂದೂ ಕೆಲವರನ್ನು ‘ಪಾಕೆಟ್ ಪಾಸರ್’ ಎಂದೂ ಕರೆಯುತ್ತಾರೆ; ಮೊದಲನೆಯವರು ಎರಡನೆಯವರಂತೆ ಆಗಬೇಕೆಂದು ಉಪದೇಶವನ್ನೂ ಮಾಡುತ್ತಾರೆ. ಓಡಿಯೇ ಹತ್ತು ಗಜ ಗಳಿಸಬಲ್ಲವನು ನಿಂತು ಎಸೆಯುವುದನ್ನು ಯಾಕಾದರೂ ಕಲಿಯಬೇಕು?
– ಕಾಲೇಜು ವಿದ್ಯಾರ್ಥಿ, ಪೆರ್ಲ

ಉತ್ತರ: ದಾಳಿ ಮಾಡುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳು ಇರುತ್ತವೆಂಬುದು ನಿಮಗೆ ಗೊತ್ತಿದೆ. ಪ್ರತಿಸಲವೂ ಚೆಂಡು ನಡುವಿನ ಆಟಗಾರನ ಕಾಲುಗಳ ಸಂದಿಯಿಂದ ಹಿಂದಕ್ಕೆ, ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬರುತ್ತದೆ. ಆ ಸ್ನ್ಯಾಪ್ ಆದೊಡನೆ ಅವನ ಮುಂದಿನ ಐವರು ದಢೂತಿ ಲೈನ್‌ಮನ್‌ಗಳು ಎದುರಾಳಿಗಳನ್ನು ತಡೆಯುತ್ತ, ಹೆಜ್ಜೆಹೆಜ್ಜೆಯಾಗಿ ಹಿಂದೆ ಸರಿಯುತ್ತ, ಅವನ ಸುತ್ತ ಅರ್ಧವೃತ್ತದಂತಹ ಒಂದಿಷ್ಟು ಜಾಗವನ್ನು ಕಾಯ್ದುಕೊಡುತ್ತಾರೆ. ಅದೇ ಪಾಕೆಟ್. ಅದು ಉಳಿಯುವುದು ಸಾಮಾನ್ಯವಾಗಿ ಎರಡೂವರೆ, ಮೂರು ಸೆಕೆಂಡು. ಅಷ್ಟರೊಳಗೆ ಮೈದಾನದ ಬೇರೆ ಬೇರೆ ದಿಕ್ಕಿಗೆ ಓಡುತ್ತಿರುವ ನಾಲ್ಕೈದು ಜನ ರಿಸೀವರ್‌ಗಳಲ್ಲಿ (ಚೆಂಡು ಹಿಡಿಯುವವರಲ್ಲಿ) ಯಾರ ಬಳಿ ಎದುರಾಳಿ ಇಲ್ಲವೆಂದು ಕಂಡುಕೊಂಡು, ಅವನು ಬಂದು ತಲುಪುವ ಜಾಗಕ್ಕೆ ಚೆಂಡನ್ನು ಕಳುಹಿಸುವವನು ಪಾಕೆಟ್ ಪಾಸರ್.

ಓಟಗಾರ ಕ್ವಾರ್ಟರ್‌ಬ್ಯಾಕ್ ಹುಟ್ಟಿಕೊಳ್ಳುವುದು ಹೆಚ್ಚಾಗಿ ಶಾಲಾ ಮೈದಾನದಲ್ಲಿ. ತಂಡದ ಅತ್ಯಂತ ಚುರುಕಿನ ಹುಡುಗನಿಗೇ ಚೆಂಡು ಕೊಡುವುದು ಎಲ್ಲ ಆಟಗಳಲ್ಲೂ ಇರುವ ರೂಢಿ. ಅವನು ಮೊದಲನೆಯ ರಿಸೀವರ್‌ನತ್ತ ನೋಡುತ್ತಾನೆ, ಅಲ್ಲಿ ದಾರಿ ಕಾಣದಿದ್ದರೆ ಓಡುತ್ತಾನೆ, ಓಡಿದಾಗಲೆಲ್ಲ ಹತ್ತು ಹದಿನೈದು ಗಜ ಸಿಗುತ್ತದೆ, ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ. ಎರಡನೆಯವನನ್ನೂ ಮೂರನೆಯವನನ್ನೂ ಹುಡುಕುವ ಅಗತ್ಯವೇ ಬೀಳದೆ ಅವನ ಆರೇಳು ವರ್ಷಗಳು ಕಳೆದುಹೋಗುತ್ತವೆ. ಮೇಲಿನ ಮಟ್ಟಕ್ಕೆ ಹೋದಾಗ ಎದುರಿಗಿರುವ ಹನ್ನೊಂದು ಜನರೂ ಅವರವರ ಶಾಲೆಯಲ್ಲಿ ಅತ್ಯಂತ ಚುರುಕಾಗಿದ್ದವರೇ ಆಗಿರುತ್ತಾರೆ.

ಎದುರಾಳಿ ತರಬೇತುದಾರರೂ ಸುಮ್ಮನೆ ಕೂರುವುದಿಲ್ಲ. ಒಬ್ಬ ರಿಸೀವರ್‌ಗೆ ಒಬ್ಬನಂತೆ ಕಾವಲು ಹಾಕಿದರೆ ಕಾವಲುಗಾರರ ಬೆನ್ನು ಕ್ವಾರ್ಟರ್‌ಬ್ಯಾಕ್‌ನ ಕಡೆಗೆ ತಿರುಗಿರುತ್ತದೆ, ಅವನು ಹೊರಟುಹೋದುದು ಅವರಿಗೆ ತಿಳಿಯುವಾಗ ತಡವಾಗಿರುತ್ತದೆ. ಆದ್ದರಿಂದ ಓಟಗಾರನ ಎದುರು ಅವರು ಮೈದಾನವನ್ನು ವಲಯಗಳಾಗಿ ಹಂಚಿಕೊಂಡು, ಎಲ್ಲರ ಕಣ್ಣೂ ಚೆಂಡಿನ ಮೇಲೆಯೇ ಇರುವಂತೆ ನಿಲ್ಲುತ್ತಾರೆ. ಮುಂಚೂಣಿಯ ನಾಲ್ವರು ಅವನತ್ತ ಒಮ್ಮೆಗೇ ನುಗ್ಗದೆ, ತಮ್ಮತಮ್ಮ ಸಾಲು ಬಿಡದೆ, ಎಡಬಲದ ಕಿಂಡಿಗಳನ್ನು ಮುಚ್ಚಿಕೊಂಡು ನಿಧಾನವಾಗಿ ಒತ್ತುತ್ತಾರೆ. ಅಂದರೆ, ‘ನೀನು ಓಡಬೇಡ, ಅಲ್ಲೇ ನಿಂತು ಎಸೆ ನೋಡೋಣ’ ಎಂದು ಸವಾಲು ಹಾಕುತ್ತಾರೆ. ಆ ಸವಾಲಿಗೆ ಉತ್ತರ ಇಲ್ಲದವನು ಒಂದೆರಡು ಋತುಗಳಲ್ಲಿ ಮರೆಗೆ ಸರಿಯುತ್ತಾನೆ.

ಪೆಟ್ಟಿನ ವಿಚಾರವೂ ಇದೆ. 2012ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದ ರಾಬರ್ಟ್ ಗ್ರಿಫಿನ್ ತನ್ನ ಮೊದಲ ವರ್ಷದಲ್ಲೇ 815 ಗಜ ಓಡಿ ವರ್ಷದ ಶ್ರೇಷ್ಠ ಹೊಸ ಆಟಗಾರನೆನಿಸಿಕೊಂಡ. 2013ರ ಜನವರಿಯಲ್ಲಿ ಸಿಯಾಟಲ್ ವಿರುದ್ಧದ ನಾಕೌಟ್ ಪಂದ್ಯದಲ್ಲಿ ಅವನ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಆ ಮೇಲೆ ಮೊದಲಿನ ಗ್ರಿಫಿನ್ ಮರಳಿ ಬರಲೇ ಇಲ್ಲ.

ಪ್ರಶ್ನೆ: ಪಾಕೆಟ್ಟಿನಲ್ಲಿ ನಿಲ್ಲುವ ತಾಳ್ಮೆ ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರುವುದಿಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರ ವಾದ. ಕಲಿತು ಗೆದ್ದವರು ನಿಜಕ್ಕೂ ಇದ್ದಾರೆಯೆ?
– ಬ್ಯಾಂಕ್ ಉದ್ಯೋಗಿ, ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಉತ್ತರ: ಇದ್ದಾರೆ. ಅವರಲ್ಲಿ ನಾವು ಮೊದಲು ಹೆಸರಿಸುವುದು ಸ್ಟೀವ್ ಯಂಗ್ ಅವರನ್ನು. ಎಡಗೈಯಲ್ಲಿ ಎಸೆಯುತ್ತಿದ್ದ ಯಂಗ್ 1985 ಮತ್ತು 1986ರಲ್ಲಿ ಟ್ಯಾಂಪಾ ಬೇ ತಂಡದಲ್ಲಿದ್ದಾಗ ಆರಂಭಿಸಿದ 19 ಪಂದ್ಯಗಳಲ್ಲಿ ಗೆದ್ದುದು ಮೂರು. ಆ ಎರಡು ವರ್ಷಗಳಲ್ಲಿ ಅವರ ಎಸೆತಗಳಿಂದ ಬಂದ ಟಚ್‌ಡೌನ್‌ಗಳು (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) 11, ಎದುರಾಳಿಗಳ ಕೈಸೇರಿದ ಚೆಂಡುಗಳು 21. ತಂಡದವರಿಗೆ ಅವರ ಮೇಲೆ ಭರವಸೆ ಉಳಿಯಲಿಲ್ಲ. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತರಬೇತುದಾರ ಬಿಲ್ ವಾಲ್ಷ್ ಅವರನ್ನು ಕರೆಸಿಕೊಂಡರು. ಅಲ್ಲಿ ಜೋ ಮೊಂಟಾನಾ ಎಂಬ ಪಾಕೆಟ್ ಪಾಸರ್ ಆಗಲೇ ನೆಲೆಯೂರಿದ್ದರಿಂದ ಯಂಗ್ ನಾಲ್ಕು ಋತುಗಳ ಹೆಚ್ಚಿನ ಭಾಗವನ್ನು ಬೆಂಚಿನ ಮೇಲೆ ಕಳೆಯಬೇಕಾಯಿತು. ಮೊಂಟಾನಾ ಮೊಣಕೈ ಗಾಯದಿಂದ ಹೊರಗುಳಿದ 1991ರಲ್ಲಿ ಅವರಿಗೆ ಜಾಗ ಸಿಕ್ಕಿತು. 1992ರಲ್ಲೂ 1994ರಲ್ಲೂ ಅವರು ಲೀಗಿನ ಅತ್ಯಮೂಲ್ಯ ಆಟಗಾರರಾದರು. 1994ರಲ್ಲಿ ಅವರು ಎಸೆದ ಪ್ರತಿ ನೂರು ಚೆಂಡುಗಳಲ್ಲಿ ಎಪ್ಪತ್ತು ಗುರಿ ಸೇರಿದವು.

ವಾಲ್ಷ್ ಅವರ ಪದ್ಧತಿಯಲ್ಲಿ ಎಸೆತದ ವೇಳೆಯನ್ನು ಗೊತ್ತುಮಾಡುತ್ತಿದ್ದುದು ಕಾಲಿನ ಹೆಜ್ಜೆ. ಮೂರು ಹೆಜ್ಜೆ ಹಿಂದೆ ಸರಿಯುವ ಆಟವಾದರೆ ಮೂರನೆಯ ಹೆಜ್ಜೆ ನೆಲಕ್ಕೂರಿದ ಕ್ಷಣದಲ್ಲಿ ಮೊದಲನೆಯ ರಿಸೀವರ್ ತಿರುಗಿರಬೇಕು, ಚೆಂಡು ಕೈಬಿಡಬೇಕು. ಅಲ್ಲಿ ಎದುರಾಳಿ ಇದ್ದರೆ ಮುಂದಕ್ಕೆ ಒಂದು ಪುಟ್ಟ ಹೆಜ್ಜೆ ಇಡಬೇಕು, ಅಷ್ಟರೊಳಗೆ ಕಣ್ಣು ಎರಡನೆಯವನ ಮೇಲಿರಬೇಕು. ಇನ್ನೊಂದು ಪುಟ್ಟ ಹೆಜ್ಜೆಗೆ ಮೂರನೆಯವನು. ಅಲ್ಲಿಗೂ ಆಗದಿದ್ದರೆ ಹತ್ತಿರದಲ್ಲೇ ನಿಂತಿರುವ, ನಾಲ್ಕೈದು ಗಜವನ್ನಾದರೂ ಗಳಿಸಿಕೊಡುವವನಿಗೆ ಕೊಡಬೇಕು. ಇಂತಹ ಲೆಕ್ಕ ಮನಸ್ಸಿನಲ್ಲಿ ಕುಳಿತವನಿಗೆ ‘ತಾಳ್ಮೆ’ ಎಂಬ ಗುಣ ಬೇರೆಯಾಗಿ ಬೇಕಾಗುವುದಿಲ್ಲ. ಮುಂದೆ ಏನು ಮಾಡಬೇಕೆಂದು ತಿಳಿಯದವನಿಗೆ ಗಾಬರಿ, ಗಾಬರಿಯಾದವನಿಗೆ ಓಟ. ನಿಮ್ಮ ಸಹೋದ್ಯೋಗಿ ಹುಟ್ಟುಗುಣವೆಂದು ಹೇಳುತ್ತಿರುವುದರಲ್ಲಿ ಬಹುಪಾಲು ಪೂರ್ವಸಿದ್ಧತೆಯೇ ಎಂಬುದು ನಮ್ಮ ಅಭಿಪ್ರಾಯ.

ಯಂಗ್ ಓಡುವುದನ್ನೇ ಬಿಟ್ಟರೇನು? ಇಲ್ಲ. 1995ರ ಜನವರಿಯ ಸೂಪರ್ ಬೌಲ್‌ನಲ್ಲಿ (ಲೀಗಿನ ಫೈನಲ್‌ನಲ್ಲಿ) ಸ್ಯಾನ್ ಡಿಯೇಗೊ ವಿರುದ್ಧ ಅವರು ಆರು ಟಚ್‌ಡೌನ್ ಎಸೆತಗಳ ದಾಖಲೆ ಮಾಡಿದರು. ಅದೇ ಪಂದ್ಯದಲ್ಲಿ ಎರಡೂ ತಂಡಗಳ ಓಟಗಾರರೆಲ್ಲರಿಗಿಂತ ಹೆಚ್ಚು, ಅಂದರೆ 49 ಗಜ, ಓಡಿದವರೂ ಅವರೇ. ಓಟ ಮೊದಲನೆಯ ಆಯ್ಕೆಯ ಸ್ಥಾನದಿಂದ ನಾಲ್ಕನೆಯದಕ್ಕೆ ಇಳಿದಿತ್ತು, ಅಷ್ಟೆ.

ಮೈಕಲ್ ವಿಕ್ ಇನ್ನೊಂದು ಉದಾಹರಣೆ. 2006ರಲ್ಲಿ ಅಟ್ಲಾಂಟಾ ಪರವಾಗಿ 1,039 ಗಜ ಓಡಿದ ಅವನು ಒಂದೇ ಋತುವಿನಲ್ಲಿ ಸಾವಿರ ಗಜ ದಾಟಿದ ಮೊದಲ ಕ್ವಾರ್ಟರ್‌ಬ್ಯಾಕ್. ಆ ವರ್ಷ ಅವನ ಎಸೆತಗಳಲ್ಲಿ ಗುರಿ ಸೇರಿದವು ಶೇಕಡಾ 52.6. ಫಿಲಡೆಲ್ಫಿಯಾದಲ್ಲಿ ಆ್ಯಂಡಿ ರೀಡ್ ಅವರ ಕೈಕೆಳಗೆ ಆಡಿದ 2010ರಲ್ಲಿ ಅದು 62.6ಕ್ಕೆ ಏರಿತು, 21 ಟಚ್‌ಡೌನ್ ಎಸೆತಗಳಿಗೆ ಎದುರಾಳಿಗಳ ಪಾಲಾದವು ಆರೇ. ಆಗ ಅವನಿಗೆ ಮೂವತ್ತು ವರ್ಷ. ಕಾಲಿನ ಬಲ ಇನ್ನೂ ಪೂರ್ತಿಯಾಗಿದ್ದ ಇಪ್ಪತ್ತೆರಡರಲ್ಲೇ ಈ ಪಾಠ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ಅವನ ಆಟ ನೋಡಿದ ಯಾರಿಗೂ ಅನ್ನಿಸದೆ ಇರದು.

ಪ್ರಶ್ನೆ: ಓಡುವವರ ಎಸೆತ ಅತ್ತಿತ್ತ ಹೋಗುವುದು ಸಾಮಾನ್ಯ. ಗುರಿ ತಪ್ಪುವ ಕೈಯನ್ನು ದೊಡ್ಡವನಾದ ಮೇಲೆ ತಿದ್ದಲು ಸಾಧ್ಯವೆ?
– ತಾಳವಾಡಿಯ ಓದುಗ, ಈರೋಡ್ ಜಿಲ್ಲೆ

ಉತ್ತರ: ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗುರಿ ಇಲ್ಲದವನಿಗೆ ಮುಂದೆಯೂ ಇಲ್ಲ ಎಂಬುದೇ ಬಹುಕಾಲ ಆ ಆಟದ ಪಂಡಿತರ ನಂಬಿಕೆಯಾಗಿತ್ತು. ಅದನ್ನು ಅಲ್ಲಾಡಿಸಿದವನು ಬಫಲೊ ತಂಡದ ಜಾಶ್ ಅಲೆನ್. 2018ರಲ್ಲಿ ಬಂದಾಗ ಅವನ ಎಸೆತಗಳಲ್ಲಿ ಗುರಿ ಸೇರುತ್ತಿದ್ದುದು ಶೇಕಡಾ 52.8. ಮರುವರ್ಷ 58.8. ಮೂರನೆಯ ವರ್ಷ, 2020ರಲ್ಲಿ, 69.2. ಎಸೆದ ಟಚ್‌ಡೌನ್‌ಗಳು ಮೊದಲ ವರ್ಷದ ಹತ್ತರಿಂದ 37ಕ್ಕೆ ಏರಿದವು. 2024ರ ಋತುವಿನ ಅತ್ಯಮೂಲ್ಯ ಆಟಗಾರನೂ ಅವನೇ.

ತಿದ್ದಿದ್ದು ಕೈಯನ್ನು ಎನ್ನುವುದಕ್ಕಿಂತ ಸೊಂಟವನ್ನೂ ಪಾದವನ್ನೂ ಎನ್ನುವುದು ಸರಿ. ತೋಳಿನ ಬಲ ವಿಪರೀತ ಇದ್ದವರು ಕಾಲು ಎಲ್ಲಿದ್ದರೂ ಎಸೆದುಬಿಡುತ್ತಾರೆ, ಮೈ ಇನ್ನೂ ಪೂರ್ತಿ ತಿರುಗುವ ಮೊದಲೇ ಕೈ ಮುಂದೆ ಹೋಗಿರುತ್ತದೆ. ಮುಂದಿನ ಕಾಲನ್ನು ಬಹಳ ದೂರ ಚಾಚಿದರೆ ಚೆಂಡು ಕೈಬಿಡುವ ಹೊತ್ತಿಗೆ ಎದೆ ಹಿಂದಕ್ಕೆ ವಾಲಿ ಎಸೆತ ರಿಸೀವರ್‌ನ ತಲೆಯ ಮೇಲಿಂದ ಹಾರಿಹೋಗುತ್ತದೆ. ಅದೇ ಪಾದ ಗುರಿಗೆ ಅಡ್ಡವಾಗಿ ಊರಿದರೆ ಸೊಂಟ ತಿರುಗಲು ಎಡೆಯಿಲ್ಲದೆ ಚೆಂಡು ಬದಿಗೆ ಎಳೆಯಲ್ಪಡುತ್ತದೆ. ಅಲೆನ್ ತನ್ನ ಬಿಡುವಿನ ತಿಂಗಳುಗಳಲ್ಲಿ ಹಿಂದಿನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಪಾಮರ್ ಜತೆ ಕೆಲಸ ಮಾಡಿದ್ದು ಇಂತಹ ವಿಷಯಗಳ ಮೇಲೆ: ಪಾದ ಊರಬೇಕು, ಬಳಿಕ ಸೊಂಟ, ಬಳಿಕ ಭುಜ, ಕಡೆಯಲ್ಲಿ ಕೈ.

ಆದರೆ ಅಂಕಿಗಳನ್ನು ನೋಡಿ ಪೂರ್ತಿ ಶ್ರೇಯಸ್ಸನ್ನು ಅಭ್ಯಾಸಕ್ಕೇ ಕೊಡುವುದು ನ್ಯಾಯವಲ್ಲ. 2020ರಲ್ಲೇ ಸ್ಟೆಫಾನ್ ಡಿಗ್ಸ್ ಎಂಬ ಉತ್ತಮ ರಿಸೀವರ್ ಬಫಲೊಗೆ ಬಂದಿದ್ದ. ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್‌ನ ಅಂಕಿಗಳೂ ಮೂರು ವರ್ಷಗಳಲ್ಲಿ ಶೇಕಡಾ 52ರಿಂದ 61.3ಕ್ಕೆ, ಅಲ್ಲಿಂದ 66.5ಕ್ಕೆ ಏರಿದವು, ಆ ಮೂರನೆಯ ವರ್ಷ, 2022ರಲ್ಲಿ, ಎ.ಜೆ. ಬ್ರೌನ್ ತಂಡ ಸೇರಿದ್ದ. ಎದುರಾಳಿಯನ್ನು ಬೇಗ ಹಿಂದೆ ಹಾಕುವ ರಿಸೀವರ್ ಇದ್ದರೆ ಪಾಕೆಟ್ಟಿನಲ್ಲಿ ನಿಂತವನಿಗೆ ದಾರಿ ಅರ್ಧ ಸೆಕೆಂಡು ಮೊದಲೇ ಕಾಣುತ್ತದೆ, ಅರ್ಧ ಸೆಕೆಂಡು ಆ ಆಟದಲ್ಲಿ ಸಣ್ಣದೇನಲ್ಲ. ಏರಿದ್ದು ಇಳಿಯುವುದೂ ಉಂಟು: ಅಲೆನ್‌ನ 2021ರ ಅಂಕಿ 63.3.

ಪ್ರಶ್ನೆ: ಓಡಲೂ ಆಗದೆ ಎಸೆಯಲೂ ದಾರಿ ಕಾಣದೆ ಇದ್ದಾಗ ಚೆಂಡನ್ನು ಹೊರಗೆಸೆದು ಪಾರಾಗಬಾರದೆ?
– ಮಡಕಶಿರ, ಶ್ರೀ ಸತ್ಯಸಾಯಿ ಜಿಲ್ಲೆ

ಉತ್ತರ: ಪಾಕೆಟ್ಟಿನ ಒಳಗೆ ನಿಂತು, ಹತ್ತಿರದಲ್ಲಿ ತಮ್ಮವರು ಯಾರೂ ಇಲ್ಲದ ಕಡೆಗೆ ಸುಮ್ಮನೆ ಎಸೆದರೆ ಎನ್‌ಎಫ್‌ಎಲ್‌ನಲ್ಲಿ ದಂಡವಿದೆ: ಆ ಅವಕಾಶವೂ ಹೋಯಿತು, ಹತ್ತು ಗಜ ಅಥವಾ ಎಸೆದ ಜಾಗದಷ್ಟು ಹಿಂದಕ್ಕೂ ಹೋಗಬೇಕು. ಲೈನಿನ ಎರಡು ಕೊನೆಗಳಿಂದ ಹೊರಕ್ಕೆ ಬಂದು, ಸ್ನ್ಯಾಪ್ ಆದ ಗೆರೆಯನ್ನಾದರೂ ತಲುಪುವಂತೆ ಎಸೆದರೆ ದಂಡವಿಲ್ಲ. ಓಡಬಲ್ಲವನಿಗೆ ಇಲ್ಲಿ ದೊಡ್ಡ ಅನುಕೂಲವಿದೆ, ಆದರೆ ಅದನ್ನು ಬಳಸಿಕೊಳ್ಳಲು ಅವನ ಮನಸ್ಸು ಒಪ್ಪುವುದೇ ಇಲ್ಲ. ಇನ್ನೊಬ್ಬನನ್ನು ಹಿಂದೆ ಹಾಕಬಲ್ಲೆನೆಂದು ನಂಬಿ ಹಿಂದಕ್ಕೆ ಗಿರಕಿ ಹೊಡೆಯುತ್ತಾನೆ, ಹದಿನೈದು ಗಜ ಹಿಂದೆ ನೆಲ ಕಚ್ಚುತ್ತಾನೆ. ಸೋತ ಅವಕಾಶವನ್ನು ಸೋತಿತೆಂದು ಬಿಟ್ಟುಕೊಡುವುದು ಓಟಗಾರ ಕಲಿಯುವ ಪಾಠಗಳಲ್ಲೇ ಅತ್ಯಂತ ಕಹಿಯಾದದ್ದು.

ಪ್ರಶ್ನೆ: ಲಮಾರ್ ಜ್ಯಾಕ್ಸನ್ ನನ್ನ ಮೆಚ್ಚಿನ ಆಟಗಾರ. ಅವನಂತಹ ಓಟಗಾರನನ್ನು ಪಾಕೆಟ್ಟಿನಲ್ಲಿ ಕಟ್ಟಿಹಾಕುವುದು ಅನ್ಯಾಯವಲ್ಲವೆ? ಎದುರಾಳಿಗಳು ಐದಾರು ಜನ ಒಟ್ಟಿಗೆ ಮೇಲೆ ಬಿದ್ದಾಗ ನಿಂತು ಏನು ಮಾಡಲಾಗುತ್ತದೆ?
– ಜತ್ತ, ಸಾಂಗಲಿ ಜಿಲ್ಲೆ

ಉತ್ತರ: ಕಟ್ಟಿಹಾಕಿದರೆ ಅನ್ಯಾಯವೇ. ಬಾಲ್ಟಿಮೋರ್ ತಂಡದವರು ಹಾಗೆ ಮಾಡಲಿಲ್ಲ ಎಂಬುದೇ ಅವರ ಜಾಣತನ. 2019ರಲ್ಲಿ ಅವನು 1,206 ಗಜ ಓಡಿದ, 36 ಟಚ್‌ಡೌನ್ ಎಸೆದ, ಒಂದು ಮತವೂ ಬೇರೆಯವರಿಗೆ ಹೋಗದಂತೆ ಲೀಗಿನ ಅತ್ಯಮೂಲ್ಯ ಆಟಗಾರನಾದ. ಆ ಮೇಲೆ ಎದುರಾಳಿಗಳು ದಾರಿ ಹುಡುಕಿದರು. 2021ರ ನವೆಂಬರಿನಲ್ಲಿ ಮಯಾಮಿ ತಂಡ ಹಿಂದೆ ಕಾವಲಿಗೆ ಒಬ್ಬನನ್ನೂ ಉಳಿಸದೆ, ಸಾಲುಸಾಲಾಗಿ ಅವನ ಮೇಲೆ ಜನರನ್ನು ನುಗ್ಗಿಸಿ 22-10ರಿಂದ ಗೆದ್ದಿತು. ಅದನ್ನು ನೋಡಿದ ಉಳಿದ ತಂಡಗಳು ಸುಮ್ಮನಿರುತ್ತವೆಯೆ?

ಇಂತಹ ದಾಳಿಗೆ ಓಟ ಮದ್ದಲ್ಲ, ಏಕೆಂದರೆ ಓಡಬೇಕಾದ ದಾರಿಯಲ್ಲೇ ಅವರು ಬರುತ್ತಿರುತ್ತಾರೆ. ಮದ್ದು ಸ್ನ್ಯಾಪ್‌ಗೆ ಮೊದಲು ಇದೆ. ಚೆಂಡು ಬರುವ ಮುನ್ನವೇ ಹಿಂದಿನ ಸಾಲಿನಲ್ಲಿ ಸೇಫ್ಟಿ ಎನ್ನುವ ಕಾವಲುಗಾರರು ಎಷ್ಟು ಮಂದಿ ಆಳದಲ್ಲಿದ್ದಾರೆ, ಒಬ್ಬನೆ, ಇಬ್ಬರೆ, ಯಾರೂ ಇಲ್ಲವೆ ಎಂದು ನೋಡಬೇಕು. ಒಬ್ಬ ರಿಸೀವರ್‌ನನ್ನು ಒಂದು ಬದಿಯಿಂದ ಇನ್ನೊಂದಕ್ಕೆ ನಡೆಸಿದಾಗ ಎದುರಾಳಿಯೊಬ್ಬ ಅವನ ಬೆನ್ನು ಹಿಡಿದು ಬಂದರೆ ಆಳಿಗೆ ಆಳು ಕಾವಲು ಇರುವ ಸಂಭವ ಹೆಚ್ಚು, ಎಲ್ಲರೂ ಒಂದೊಂದು ಹೆಜ್ಜೆ ಸರಿದು ನಿಂತರೆ ವಲಯದ ಕಾವಲು. ಆರು ಜನ ನುಗ್ಗುವ ಲಕ್ಷಣ ಕಂಡರೆ ತಡೆಯಲು ಎಷ್ಟು ಜನ ಇದ್ದಾರೆಂದು ಎಣಿಸಬೇಕು. ತಡೆಯಲಾಗದೆ ಉಳಿದವನು ಎಲ್ಲಿಂದ ಬರುತ್ತಾನೋ ಆ ಜಾಗ ಬರಿದಾಗುತ್ತದೆ, ಚೆಂಡು ಹೋಗಬೇಕಾದುದು ಅಲ್ಲಿಗೇ, ಕೂಡಲೇ. ಇಷ್ಟೆಲ್ಲ ನಡೆಯುವುದು ಪ್ಲೇಗಳ ನಡುವಿನ 40 ಸೆಕೆಂಡುಗಳ ಗಡಿಯಾರದೊಳಗೆ. ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ತರಬೇತುದಾರನ ಧ್ವನಿ ಕೊನೆಯ 15 ಸೆಕೆಂಡಿಗೆ ನಿಂತುಹೋಗುತ್ತದೆ, ಆ ಮೇಲೆ ಅವನು ಒಂಟಿ.

2023ರಲ್ಲಿ ಟಾಡ್ ಮಾಂಕೆನ್ ಬಾಲ್ಟಿಮೋರಿನ ದಾಳಿ ವಿಭಾಗಕ್ಕೆ ಬಂದ ಬಳಿಕ ಜ್ಯಾಕ್ಸನ್‌ನ ಆಟದಲ್ಲಿ ಈ ಪೂರ್ವಸಿದ್ಧತೆ ಎದ್ದು ಕಾಣತೊಡಗಿತು. 2024ರ ಜನವರಿಯಲ್ಲಿ ಹ್ಯೂಸ್ಟನ್ ವಿರುದ್ಧದ ನಾಕೌಟ್ ಪಂದ್ಯದ ಮೊದಲರ್ಧದಲ್ಲಿ ಎದುರಾಳಿಗಳು ಮಯಾಮಿಯ ಹಳೆಯ ಪಾಠವನ್ನೇ ಮತ್ತೆ ಮತ್ತೆ ಒಪ್ಪಿಸಿದರು. ಅರ್ಧ ಮುಗಿದಾಗ 10-10. ದ್ವಿತೀಯಾರ್ಧದಲ್ಲಿ ಬಾಲ್ಟಿಮೋರ್ ಎಸೆತಗಳನ್ನು ಚಿಕ್ಕದಾಗಿಸಿತು, ಚೆಂಡು ಬೇಗ ಕೈಬಿಡತೊಡಗಿತು, ಪಂದ್ಯ 34-10ರಲ್ಲಿ ಮುಗಿಯಿತು. ಅವನ ಎರಡು ಟಚ್‌ಡೌನ್ ಎಸೆತದಿಂದ, ಎರಡು ಓಟದಿಂದ. 2024ರ ಋತುವಿನಲ್ಲಿ 41 ಟಚ್‌ಡೌನ್ ಎಸೆದು ಬರೇ ನಾಲ್ಕನ್ನು ಎದುರಾಳಿಗಳಿಗೆ ಒಪ್ಪಿಸಿದ ಆಟಗಾರನನ್ನು ಇನ್ನೂ ‘ಓಟಗಾರ’ ಎಂದಷ್ಟೇ ಕರೆಯುವವರನ್ನು ಕಂಡರೆ ನಮಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೂ ಫ್ಲ್ಯಾಗ್ ಫುಟ್‌ಬಾಲ್ ಇದೆಯೆ? ಅಲ್ಲಿ ಎತ್ತರ ಕಡಿಮೆ ಇರುವ ಕ್ವಾರ್ಟರ್‌ಬ್ಯಾಕ್‌ಗೆ ಅವಕಾಶ ಇದೆಯೆ?
– ಪ್ಲಸ್ ಟು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಇದೆ. ಪುರುಷರ ಆರು ತಂಡಗಳು, ಮಹಿಳೆಯರ ಆರು ತಂಡಗಳು, ತಂಡಕ್ಕೆ ಹತ್ತು ಜನ. ಆಡುವುದು ಐವರು. ಅಡ್ಡಗಟ್ಟಿ ನಿಲ್ಲುವ ಲೈನ್‌ಮನ್‌ಗಳ ಗೋಡೆ ಅಲ್ಲಿಲ್ಲದ ಕಾರಣ ಎತ್ತರದ ಪ್ರಶ್ನೆ ಅಷ್ಟು ಕಾಡುವುದಿಲ್ಲ. 2022ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಡೆದ ವರ್ಲ್ಡ್ ಗೇಮ್ಸ್ ಕೂಟದ ಫೈನಲ್‌ನಲ್ಲಿ ಮೆಕ್ಸಿಕೊದ ವನಿತೆಯರು ಆತಿಥೇಯ ಅಮೆರಿಕವನ್ನೇ 39-6ರಿಂದ ಸೋಲಿಸಿದರು. ಅವರ ಕ್ವಾರ್ಟರ್‌ಬ್ಯಾಕ್ ಡಯಾನಾ ಫ್ಲೋರೆಸ್ ಅವರ ಆಟದ ತುಣುಕುಗಳನ್ನು ಹುಡುಕಿ ನೋಡಿ; ಅವರ ಪಾದಗಳನ್ನು ನೋಡಿದರೆ ಮುಂದಿನ ಉತ್ತರ ಹೆಚ್ಚು ಚೆನ್ನಾಗಿ ಅರ್ಥವಾದೀತು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಆರಂಭಿಸಿದ್ದೇವೆ. ಕ್ವಾರ್ಟರ್‌ಬ್ಯಾಕ್ ಮಾಡಿದ ಹುಡುಗ ಕಬಡ್ಡಿಯಲ್ಲಿ ಒಳ್ಳೆಯ ರೈಡರ್. ತೋಳಿನ ಬಲವಿದೆ, ಆದರೆ ಯಾರಾದರೂ ತನ್ನತ್ತ ಬರುವುದು ಕಂಡರೆ ಸಾಕು, ಕಣ್ಣು ಕೆಳಗಿಳಿಸಿ ಓಡಲು ಹೊರಡುತ್ತಾನೆ. ಅವನನ್ನು ತಿದ್ದುವುದು ಹೇಗೆ? ನಮ್ಮಲ್ಲಿ ದೊಡ್ಡ ಸಲಕರಣೆಗಳಿಲ್ಲ.
– ದೈಹಿಕ ಶಿಕ್ಷಣ ಶಿಕ್ಷಕರು, ಬದಿಯಡ್ಕ ಸಮೀಪ

ಉತ್ತರ: ನಿಮ್ಮ ಹುಡುಗನಿಗೆ ನಿಯಮವೇ ಗುರುವಾಗಲಿದೆ. ಐವರ ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಸ್ನ್ಯಾಪ್ ಪಡೆದವನು ಚೆಂಡನ್ನು ಮೊದಲು ಇನ್ನೊಬ್ಬರ ಕೈಗೆ ಕೊಡದೆ ತಾನೇ ಗೆರೆ ದಾಟಿ ಓಡುವಂತಿಲ್ಲ. ಅವನತ್ತ ನುಗ್ಗುವ ಎದುರಾಳಿ ಗೆರೆಯಿಂದ ಏಳು ಗಜ ಹಿಂದೆ ನಿಂತು ಹೊರಡಬೇಕು, ಆ ಎದುರಾಳಿಯನ್ನು ಅಡ್ಡಗಟ್ಟಲು ಯಾರಿಗೂ ಅವಕಾಶವಿಲ್ಲ. ಆ ಏಳು ಗಜ ಮತ್ತು ನಿಮ್ಮ ಹುಡುಗ ಹಿಂದೆ ನಿಂತ ನಾಲ್ಕೈದು ಗಜ ಓಡಿ ಮುಗಿಯುವವರೆಗಿನ ಕಾಲವೇ ಅವನ ಪಾಕೆಟ್. ಓಟ ಅವನನ್ನು ಪಾರುಮಾಡಬಹುದು, ಗಜ ಗಳಿಸಿಕೊಡಲಾರದು. ಮೊದಲು ಇದನ್ನು ಅವನಿಗೆ ಮನದಟ್ಟು ಮಾಡಿಸಿ.

ಅಭ್ಯಾಸಕ್ಕೆ ನಮ್ಮ ಊರಿನ ಮುರಕಲ್ಲಿನ ಕೆಂಪು ಮಣ್ಣಿನ ಮೈದಾನಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಯಾಕೆಂದರೆ ಅದರ ಧೂಳು ಪಾದದ ಗುರುತನ್ನು ಉಳಿಸಿಕೊಡುತ್ತದೆ. ಬಲಗೈಯವನಾದರೆ ಸ್ನ್ಯಾಪ್ ಹಿಡಿದು ಬಲಗಾಲು ಹಿಂದಕ್ಕೆ, ಎಡಗಾಲು ಅದರ ಮುಂದಿನಿಂದ ಹಾದು, ಮತ್ತೆ ಬಲಗಾಲು ಹಿಂದಕ್ಕೆ ಊರಲಿ. ಈ ಮೂರನೆಯ ಹೆಜ್ಜೆಯಲ್ಲಿ ಮೈಭಾರ ಬಲಪಾದದ ಒಳಬದಿಯ ಮೇಲೆ ನಿಲ್ಲಬೇಕು, ಹೊರ ಅಂಚಿಗೆ ಜಾರಿದರೆ ಹಿಂದಕ್ಕೆ ತೂರಾಡುತ್ತಾನೆ. ಚೆಂಡು ಎದೆಯ ಬಲಬದಿಯಲ್ಲಿ, ಎರಡೂ ಕೈಗಳಲ್ಲಿ. ಎಸೆಯುವಾಗ ಎಡಪಾದ ಒಂದು ಗೇಣಿನಷ್ಟು ಮಾತ್ರ ಗುರಿಯತ್ತ ಸರಿಯಲಿ. ಎಸೆದ ಮೇಲೆ ಅವನನ್ನು ಪಕ್ಕಕ್ಕೆ ಕರೆದು ನೆಲದ ಗುರುತನ್ನು ಅವನಿಗೇ ತೋರಿಸಿ. ಚೆಂಡು ಮೇಲಕ್ಕೆ ಹಾರಿದ ಎಸೆತದ ಗುರುತಿನಲ್ಲಿ ಎರಡು ಪಾದಗಳ ಅಂತರ ಹೆಚ್ಚಿರುವುದೂ, ಬದಿಗೆ ಹೋದುದರಲ್ಲಿ ಎಡಪಾದದ ಹೆಬ್ಬೆರಳು ಗುರಿ ತಪ್ಪಿ ತಿರುಗಿರುವುದೂ ಅವನ ಕಣ್ಣಿಗೇ ಬೀಳುತ್ತದೆ. ಇದಕ್ಕಿಂತ ದೊಡ್ಡ ಸಲಕರಣೆ ಬೇಡ. ಜೂನ್ ತಿಂಗಳಿನಿಂದ ಮಳೆ ಹಿಡಿದ ಮೇಲೆ ಶಾಲೆಯ ಉದ್ದನೆಯ ಜಗಲಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದುಕೊಂಡು ಹೆಜ್ಜೆಗಳನ್ನಷ್ಟೇ ಮಾಡಿಸಿ. ಪಾಚಿ ಹಿಡಿದ ಅಂಗಳಕ್ಕೆ ಇಳಿಸಬೇಡಿ.

ಎರಡನೆಯದು ಕಣ್ಣು. ಕಬಡ್ಡಿಯ ರೈಡರ್‌ಗೆ ತನ್ನ ಹತ್ತಿರದ ಕೈಕಾಲುಗಳನ್ನು ನೋಡುವುದೇ ಜೀವಾಳ, ಇಲ್ಲಿ ಆ ಅಭ್ಯಾಸವೇ ಶತ್ರು. ನಮ್ಮ ಊರುಗಳ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಗಳಲ್ಲಿ ಒಳ್ಳೆಯ ಸೆಟ್ಟರ್ ಹೇಗೆ ಚೆಂಡಿನ ಕೆಳಗೆ ಕಾಲು ಸೇರಿಸುತ್ತಲೇ ನೆಟ್‌ನ ಆಚೆ ಯಾರು ಎತ್ತ ಸರಿದರೆಂದು ಅರಿತಿರುತ್ತಾನೋ ಹಾಗೆ ಇವನ ದೃಷ್ಟಿ ಸದಾ ದೂರದಲ್ಲಿರಬೇಕು, ಹತ್ತಿರ ಬರುವವನನ್ನು ಕಣ್ಣಂಚಿನಲ್ಲೇ ಅಳೆಯಬೇಕು. ಇದನ್ನು ಹೀಗೆ ಮಾಡಿಸಬಹುದು: ಇಪ್ಪತ್ತು ಗಜ ದೂರದಲ್ಲಿ ಒಬ್ಬನನ್ನು ನಿಲ್ಲಿಸಿ, ಅವನು ಕೈಬೆರಳುಗಳನ್ನು ಎತ್ತಿ ಸಂಖ್ಯೆ ಬದಲಾಯಿಸುತ್ತಿರಲಿ. ಇತ್ತ ಇನ್ನೊಬ್ಬ ಒಂದು ಗೋಣಿಚೀಲವನ್ನು ಬೀಸುತ್ತ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಏರಿ ಬರಲಿ. ನಿಮ್ಮ ಹುಡುಗ ಒಂದೆರಡು ಹೆಜ್ಜೆಯಲ್ಲಿ ಬದಿಗೋ ಮುಂದಕ್ಕೋ ಸರಿದು ತಪ್ಪಿಸಿಕೊಳ್ಳುತ್ತಲೇ ದೂರದ ಬೆರಳೆಷ್ಟೆಂದು ಕೂಗಬೇಕು. ಕೂಗು ನಿಂತರೆ ಕಣ್ಣು ಕೆಳಗಿಳಿದಿದೆ ಎಂದೇ ಅರ್ಥ, ಆ ಸರದಿ ಲೆಕ್ಕಕ್ಕಿಲ್ಲ. ತಪ್ಪಿಸಿಕೊಳ್ಳುವಾಗ ಹಿಂದಕ್ಕೆ ಹೋಗುವುದನ್ನು ಮಾತ್ರ ಖಂಡಿತವಾಗಿ ತಡೆಯಿರಿ, ಅವನ ಬೆನ್ನ ಹಿಂದೆ ಎರಡು ಗಜಕ್ಕೆ ಒಂದು ಹಗ್ಗ ಇಟ್ಟರೆ ಸಾಕು.

ಬಳಿಕ ಇವೆರಡನ್ನೂ ಜೋಡಿಸಿ. ಎಡಕ್ಕೆ, ನಡುವಿಗೆ, ಬಲಕ್ಕೆ ಮೂವರು ರಿಸೀವರ್‌ಗಳನ್ನು ಕಳುಹಿಸಿ, ಅವರ ಹಿಂದೆ ನೀವೇ ನಿಂತು, ಸ್ನ್ಯಾಪ್ ಆದ ಮೇಲೆ ಯಾರ ಕಡೆಗೆ ನೀವು ಕೈ ಚಾಚುತ್ತೀರೋ ಅವನೊಬ್ಬನಿಗೇ ದಾರಿ ಇದೆ ಎಂಬ ಕರಾರು ಮಾಡಿಕೊಳ್ಳಿ. ಅವನು ಒಂದು, ಎರಡು, ಮೂರು ಎಂಬ ಕ್ರಮ ಬಿಡದೆ ನೋಡಬೇಕು, ಪ್ರತಿ ನೋಟಕ್ಕೂ ಪಾದ ಒಂದೊಂದು ಪುಟ್ಟ ಹೆಜ್ಜೆ ಅತ್ತ ತಿರುಗಬೇಕು. ತಲೆ ಮಾತ್ರ ತಿರುಗಿ ಕಾಲು ಹಳೆಯ ಕಡೆಗೇ ಉಳಿದರೆ ಮೂರನೆಯವನಿಗೆ ಎಸೆದ ಚೆಂಡು ಗುರಿ ತಲುಪುವುದಿಲ್ಲ. ಅದು ರೂಢಿಯಾದಂತೆ ಏಳು ಗಜದಿಂದ ನುಗ್ಗುವವನನ್ನೂ ಸೇರಿಸಿ. ಅಭ್ಯಾಸದ ಈ ಭಾಗದಲ್ಲಿ ಅವನಿಗೆ ಬದಿಗೆ ಓಡುವುದೂ ನಿಷಿದ್ಧವಿರಲಿ, ಪಂದ್ಯದಲ್ಲಿ ಮಾತ್ರ ಆ ನಿಷೇಧ ಹೇರಬೇಡಿ. ಬದಿಗೆ ಓಡುತ್ತಲೇ ಎಸೆಯುವುದು ಅವನ ಸಹಜ ವರ. ಮೂವರನ್ನೂ ನೋಡಿದ ಮೇಲೆ ಅದನ್ನು ಬಳಸುವುದಕ್ಕೆ ಯಾವ ಆಕ್ಷೇಪವೂ ಇಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಈ ಬದಲಾವಣೆ ನಡೆಯುವಾಗ ಅವನ ಆಟ ಮೊದಲಿಗಿಂತ ಕೆಡುವುದು ನಿಶ್ಚಿತ. ಓಡಿ ಪಾರಾಗುತ್ತಿದ್ದ ಜಾಗದಲ್ಲಿ ನಿಂತು, ತಡವಾಗಿ ಎಸೆದು, ಚೆಂಡನ್ನು ಎದುರಾಳಿಯ ಕೈಗೆ ಕೊಡುತ್ತಾನೆ, ಅಂಗಣದ ಹೊರಗೆ ನಿಂತವರು ಅವನನ್ನು ರಿಸೀವರ್ ಮಾಡಿರೆಂದು ನಿಮಗೆ ಸಲಹೆ ಕೊಡುತ್ತಾರೆ. ಅಂತಹ ಪಂದ್ಯದ ಬಳಿಕ ಅಂಕಗಳನ್ನು ಬದಿಗಿಟ್ಟು, ಮೊದಲನೆಯವನನ್ನು ಬಿಟ್ಟು ಎರಡನೆಯವನಿಗೋ ಮೂರನೆಯವನಿಗೋ ಅವನು ಎಷ್ಟು ಸಲ ಎಸೆದ ಎಂಬುದನ್ನಷ್ಟೇ ಒಂದು ಪುಸ್ತಕದಲ್ಲಿ ಬರೆದಿಡಿ. ಆ ಸಂಖ್ಯೆ ಏರುತ್ತಿದ್ದರೆ ಸ್ಥಾನ ಬದಲಾಯಿಸಬೇಡಿ.